ಕತ್ತಿಯ ಊರು ಯಾವುದು?



ಯುರೋಪಿನ ವಸ್ತುಸಂಗ್ರಹಾಲಯಗಳಲ್ಲೂ ಹರಾಜುಕಟ್ಟೆಗಳಲ್ಲೂ ವಿಯೆಟ್ನಾಮಿನ ಹಳೆಯ ಕತ್ತಿಗಳು ಬೇಕಾದಷ್ಟಿವೆ. ಅವಕ್ಕೆ ಕಟ್ಟಿದ ಚೀಟಿಯಲ್ಲಿ ‘ಚೀನಾ’ ಎಂದೋ ‘ಇಂಡೋಚೈನಾ’ ಎಂದೋ ಬರೆದಿರುತ್ತದೆ. ಬರೆದವರಿಗೆ ತುಸು ಮುತುವರ್ಜಿ ಇದ್ದರೆ ‘ಟಾಂಕಿನ್’ ಎಂದಿರುತ್ತದೆ. ಈ ಚೀಟಿಯನ್ನು ನಂಬಬಹುದೇ? ನಂಬದಿದ್ದರೆ ಕತ್ತಿಯ ಊರನ್ನು ಪತ್ತೆ ಮಾಡುವುದು ಹೇಗೆ?

ಮೊದಲು ಚೀಟಿಯ ವಿಚಾರ. ಫ್ರೆಂಚರು ಸೈಗಾನನ್ನು ಹಿಡಿದದ್ದು 1859ರಲ್ಲಿ. 1884ರ ಹೊತ್ತಿಗೆ ಇಡೀ ದೇಶ ಅವರ ಅಂಕೆಗೆ ಬಂದು ಮೂರು ಹೋಳಾಗಿತ್ತು. ಉತ್ತರಕ್ಕೆ ಟಾಂಕಿನ್, ನಡುವೆ ಅನ್ನಾಮ್, ದಕ್ಷಿಣಕ್ಕೆ ಕೊಚಿನ್‌ಚೀನಾ. ಉತ್ತರದ ದಂಡಯಾತ್ರೆಗೆ ಹೋದ ಸಿಪಾಯಿ ತಂದ ಕತ್ತಿ ‘ಟಾಂಕಿನ್’ ಕತ್ತಿಯಾಯಿತು. ಅದು ಕೊಂಡ ಊರು, ಇಲ್ಲವೇ ಕಿತ್ತುಕೊಂಡ ಊರು. ಮಾಡಿದ ಊರೆಂದೇನೂ ಅಲ್ಲ. ಆ ಕಾಳಗದಲ್ಲಿ ಫ್ರೆಂಚರಿಗೆ ಎದುರು ನಿಂತವರಲ್ಲಿ ಲ್ಯೂ ಯುಂಗ್‌ಫು ಎಂಬವನ ‘ಕಪ್ಪು ಬಾವುಟ’ದ ಪಡೆಯೂ ಇತ್ತು. ಅವರು ಗಡಿ ದಾಟಿ ಬಂದ ಚೀನೀಯರು. ಅವರ ಕೈಯ ಕತ್ತಿಗೂ ಅದೇ ಚೀಟಿ ಅಂಟಿಕೊಳ್ಳಲು ಅಡ್ಡಿಯೇನಿತ್ತು?

ಕತ್ತಿ ಕೈಗೆ ಬಂದೊಡನೆ ಎಲ್ಲರೂ ಒರೆಯಿಂದ ಹಿರಿದು ಅಲಗನ್ನು ನೋಡುತ್ತಾರೆ. ಊರು ಹೇಳುವ ವಿಷಯದಲ್ಲಿ ಅಲಗಿನಷ್ಟು ನಂಬಲಾಗದ ಸಾಕ್ಷಿ ಇನ್ನೊಂದಿಲ್ಲ. ಅಲಗು ಊರೂರು ತಿರುಗುವ ಸರಕು. 17ನೆಯ ಶತಮಾನದ ಆರಂಭದಲ್ಲಿ ಹೊಯ್ ಆನ್ ಬಂದರಿನಲ್ಲಿ ಜಪಾನೀ ವರ್ತಕರ ಕೇರಿಯೇ ಇತ್ತು. ಜಪಾನಿನ ಅಲಗುಗಳು ವಿಯೆಟ್ನಾಮಿನ ಹಿಡಿಗಳಲ್ಲಿ ಕೂತಿರುವುದನ್ನು ಇಂದಿಗೂ ಕಾಣಬಹುದು. 19ನೆಯ ಶತಮಾನದಲ್ಲಿ ಫ್ರೆಂಚ್ ಅಲಗುಗಳಿಗೂ ಇದೇ ಗತಿಯಾಯಿತು. ಒಳ್ಳೆಯ ಉಕ್ಕನ್ನು ಯಾರೂ ಎಸೆಯುವುದಿಲ್ಲ. ಹಿಡಿ ಹಾಳಾದರೆ ಹೊಸ ಹಿಡಿ ಹಾಕಿಸುತ್ತಾರೆ.

ಹಾಗಾಗಿ ನೋಡಬೇಕಾದದ್ದು ಹಿಡಿಯನ್ನು, ಅದಕ್ಕಿಂತ ಹೆಚ್ಚಾಗಿ ಒರೆಯನ್ನು. ಬೀಟೆಯ ಜಾತಿಯ ಗಟ್ಟಿ ಮರ, ಅದರೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಚೂರುಗಳು, ಬಳ್ಳಿ, ಹೂವು, ಹಕ್ಕಿ. ನಮ್ಮ ಮೈಸೂರಿನ ಇನ್‌ಲೇ ಕೆಲಸ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಚಿಪ್ಪಿನ ಕುಸುರಿಗೆ ಹೆಸರಾದದ್ದು ಉತ್ತರದ ಕೆಂಪು ನದಿಯ ಮುಖಜಭೂಮಿ: ನಾಮ್ ದಿನ್ ಪಟ್ಟಣ, ಹನೋಯ್ ಸುತ್ತಿನ ಹಳ್ಳಿಗಳು. ಹನೋಯ್‌ನಲ್ಲಿ ಚಿಪ್ಪು ಕೂರಿಸಿದ ತಟ್ಟೆಗಳು ಮಾರಾಟವಾಗುತ್ತಿದ್ದ ಬೀದಿಗೆ ‘ತಟ್ಟೆ ಬೀದಿ’ ಎಂದೇ ಹೆಸರು, ಹಾಂಗ್ ಖಾಯ್. ಬೆಳ್ಳಿಯ ಕಟ್ಟು, ತಗಡಿನ ಮೇಲೆ ಎಬ್ಬಿಸಿದ ಚಿತ್ರ ಇವಕ್ಕೂ ಉತ್ತರದಲ್ಲಿ ಬೇರೆಯೇ ಹಳ್ಳಿಗಳಿದ್ದವು.

ಹಾಗಾದರೆ ಚಿಪ್ಪು ಕಂಡಲ್ಲೆಲ್ಲ ‘ಉತ್ತರ’ ಎಂದುಬಿಡೋಣವೇ? ಅವಸರ ಬೇಡ. 1802ರಲ್ಲಿ ನ್ಗುಯೆನ್ ಅರಸರು ಪಟ್ಟಕ್ಕೆ ಬಂದು ನಡುನಾಡಿನ ಹುವೆಯನ್ನು ರಾಜಧಾನಿ ಮಾಡಿಕೊಂಡರು. ಕುಶಲ ಕೆಲಸಗಾರರನ್ನು ನಾನಾ ಪ್ರಾಂತಗಳಿಂದ ಅರಮನೆಯ ಕಾರ್ಖಾನೆಗಳಿಗೆ ಕರೆಸಿಕೊಂಡರು. ಉತ್ತರದ ಕೈ ಹುವೆಯಲ್ಲಿ ಮಾಡಿದ ಒರೆಯನ್ನು ಏನೆನ್ನೋಣ? ಕೈ ಎಲ್ಲಿಯದು, ಕೆಲಸ ಎಲ್ಲಿ ನಡೆಯಿತು ಎಂಬ ಎರಡು ಪ್ರಶ್ನೆಗಳನ್ನು ಬೇರೆಯಾಗಿಯೇ ಕೇಳಬೇಕು. ಚಕ್ರವರ್ತಿಯ ಐದುಗುರಿನ ಡ್ರ್ಯಾಗನ್ನೋ, ಚೀನೀ ಲಿಪಿಯಲ್ಲಿ ಮಿನ್ ಮಾಂಗ್ (1820–41), ತು ದುಕ್ (1847–83) ಮೊದಲಾದ ಆಳ್ವಿಕೆಯ ಹೆಸರೋ ಇದ್ದರೆ ಅರಮನೆಯ ನಂಟು ಊಹಿಸಬಹುದು.

ಪಡುವಣ ಬೆಟ್ಟಗಳ ಕತ್ತಿಯ ಜಾಡೇ ಬೇರೆ. ಕೈತಡೆ ಇಲ್ಲ, ಇದ್ದರೂ ಪುಟ್ಟದು; ದುಂಡನೆಯ ಉದ್ದ ಹಿಡಿ, ಬೆತ್ತದ ಸುತ್ತು. ಇವು ಬಾನಾರ್, ಜರಾಯ್ ಮೊದಲಾದ ಬೆಟ್ಟದ ಜನರವು, ಲಾವೋಸ್, ಕಾಂಬೋಡಿಯಾಗಳ ಕತ್ತಿಗಳ ಬಳಗ. ಇವನ್ನೂ ‘ಅನ್ನಾಮ್’ ಎಂದು ಬರೆದಿಟ್ಟವರ ಬಗ್ಗೆ ಹೆಚ್ಚು ಹೇಳುವುದು ಬೇಡ.

ಇಷ್ಟೆಲ್ಲ ಕೆದಕುವುದೇಕೆ ಎಂದು ನೀವು ಕೇಳಬಹುದು. 1945ರ ಆಗಸ್ಟ್ 30ರಂದು ಕೊನೆಯ ಚಕ್ರವರ್ತಿ ಬಾವ್ ದಾಯ್ ಹುವೆಯ ಹೆಬ್ಬಾಗಿಲಲ್ಲಿ ತನ್ನ ಮುದ್ರೆಯನ್ನೂ ಕತ್ತಿಯನ್ನೂ ಹೊಸ ಸರ್ಕಾರದವರಿಗೆ ಒಪ್ಪಿಸಿದ. ಆ ಚಿನ್ನದ ಮುದ್ರೆ 2022ರಲ್ಲಿ ಪ್ಯಾರಿಸ್ಸಿನ ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ವಿಯೆಟ್ನಾಮ್ ಸರ್ಕಾರ ಮಧ್ಯೆ ಪ್ರವೇಶಿಸಿ ಹರಾಜು ನಿಂತಿತು. 2023ರ ನವೆಂಬರಿನಲ್ಲಿ ಮುದ್ರೆ ತಾಯ್ನಾಡಿಗೆ ಮರಳಿತು. ಮುದ್ರೆಯ ಮೇಲೆಯೇ ಬರಹವಿತ್ತು, 1823ರದೆಂದು ಗೊತ್ತಿತ್ತು, ಯಾರದೆಂಬ ಜಗಳವಿರಲಿಲ್ಲ. ಬರಹವೇ ಇಲ್ಲದ, ‘ಚೀನಾ’ ಎಂಬ ಚೀಟಿ ಹೊತ್ತ ಕತ್ತಿಯನ್ನು ತನ್ನದೆಂದು ಯಾವ ಊರು ಕೇಳೀತು? ಅದರ ಪರವಾಗಿ ಸಾಕ್ಷಿ ನುಡಿಯಲು ಇರುವುದು ಆ ಮರ, ಚಿಪ್ಪು, ಬೆಳ್ಳಿ ಮಾತ್ರ.

ಆದರೆ ಮಾರುವವರು ಮಾಡುವುದೇನು? ಬಿರುಕುಬಿಟ್ಟ ಒರೆಯನ್ನು ಬಿಸಾಡುತ್ತಾರೆ, ಚಿಪ್ಪು ಉದುರಿದ ಹಿಡಿಯನ್ನು ಬದಲಾಯಿಸುತ್ತಾರೆ, ಅಲಗನ್ನು ತಿಕ್ಕಿ ತಿಕ್ಕಿ ಹೊಳೆಯಿಸಿ ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ.