ತೆರೆಯ ಮೇಲಿನ ಒಡವೆ, ನಮ್ಮ ಪೆಟ್ಟಿಗೆಯ ಒಡವೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಭೆಯನ್ನು ಏರ್ಪಡಿಸಿದವರು ನನಗೆ ಕೊಟ್ಟ ವಿಷಯ ‘ಸ್ತ್ರೀಧನ ಮತ್ತು ಕಾನೂನು’. ಊಟವಾದ ಮೇಲೆ ಕಾನೂನಿನ ಪಾಠ ಶುರು ಮಾಡಿದರೆ ಎದುರಿಗೆ ಕೂತವರು ತೂಕಡಿಸುತ್ತಾರೆ ಎಂಬುದು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದ ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಇವತ್ತು ಸಿನಿಮಾದ ಕಥೆ ಹೇಳುತ್ತೇನೆ. ಸಿನಿಮಾದಲ್ಲಿ ಬಂದ ಬಳೆ, ಉಂಗುರ, ಕಾಲ್ಗೆಜ್ಜೆ, ಕಂಠೀಹಾರಗಳ ಕಥೆ. ಅದರ ದಾರಿ ಹಿಡಿದು ಹೋದರೆ ನಾವು ತಾನಾಗಿಯೇ ಕಾನೂನಿನ ಬಾಗಿಲಿಗೆ ಬಂದು ನಿಲ್ಲುತ್ತೇವೆ.

‘ಹೆಂಗಸರಿಗೆ ಒಡವೆಯ ಹುಚ್ಚು’ ಎಂದು ಗಂಡಸರು ನಗುವುದನ್ನು ನಾವೆಲ್ಲ ಕೇಳಿದ್ದೇವೆ. ಈ ಹುಚ್ಚು ಎಲ್ಲಿಂದ ಬಂತು? ಹೊಲ ಅಣ್ಣತಮ್ಮಂದಿರಿಗೆ, ಮನೆ ಅಣ್ಣತಮ್ಮಂದಿರಿಗೆ. ಹೆಣ್ಣಿಗೆ ಸಿಕ್ಕಿದ್ದು ಮೈಮೇಲೆ ಹೇರಿಕೊಂಡು ಹೋಗಬಹುದಾದಷ್ಟು ಆಸ್ತಿ ಮಾತ್ರ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬ ತಿದ್ದುಪಡಿ ನಮ್ಮ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಅಲ್ಲಿಯವರೆಗೆ ಕಾಸಿನ ಸರ, ಪಾಟ್ಲಿ, ಬೆಂಡೋಲೆಗಳೇ ನಮ್ಮ ಹೊಲ, ನಮ್ಮ ಬ್ಯಾಂಕು, ನಮ್ಮ ಆಪತ್ತಿನ ಗಂಟು. ಕಾನೂನು ಬಂದ ಮೇಲೂ ‘ಮದುವೆಯಲ್ಲಿ ಅಷ್ಟು ಬಂಗಾರ ಹಾಕಿದ್ದೇವಲ್ಲ, ಇನ್ನೆಂಥ ಪಾಲು?’ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮನೆಗಳು ಎಷ್ಟಿಲ್ಲ! ಆದ್ದರಿಂದ ಒಡವೆಯ ಮಾತು ಶೋಕಿಯ ಮಾತಲ್ಲ. ಅದು ಆಸ್ತಿಯ ಮಾತು.

ಮೊದಲು ‘ಮದರ್ ಇಂಡಿಯಾ’. ಮೆಹಬೂಬ್ ಖಾನ್ ನಿರ್ದೇಶಿಸಿದ ಈ ಹಿಂದಿ ಚಿತ್ರ ಬಂದದ್ದು 1957ರಲ್ಲಿ. ನರ್ಗಿಸ್ ನೇಗಿಲು ಹೊತ್ತು ನಿಂತ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ರಾಧಾ ಮದುವೆಯಾಗಿ ಬರುತ್ತಾಳೆ, ಮೈತುಂಬ ಒಡವೆ. ಆ ಮದುವೆಗೆ ಅತ್ತೆ ಜಮೀನು ಒತ್ತೆಯಿಟ್ಟು ಸುಖೀಲಾಲ ಎಂಬ ಲೇವಾದೇವಿಯವನಿಂದ ಐನೂರು ರೂಪಾಯಿ ಸಾಲ ತಂದಿರುತ್ತಾಳೆ. ಓದು ಬಾರದ ಮನೆ. ಪತ್ರದಲ್ಲಿ ಏನು ಬರೆದಿದೆಯೆಂದು ಅವರಿಗೆ ಗೊತ್ತಿಲ್ಲ. ಪಂಚಾಯ್ತಿ ಸೇರುತ್ತದೆ, ಬೆಳೆಯ ಮುಕ್ಕಾಲು ಪಾಲು ಬಡ್ಡಿಗೇ ಹೋಗಬೇಕೆಂದು ತೀರ್ಮಾನವಾಗುತ್ತದೆ. ಆಮೇಲೆ ಒಡವೆ ಹೋಗುತ್ತದೆ, ಎತ್ತು ಹೋಗುತ್ತದೆ, ಗಂಡನ ಎರಡು ಕೈಗಳೂ ಬಂಡೆಯಡಿ ಸಿಕ್ಕಿ ಹೋಗುತ್ತವೆ, ಕೊನೆಗೆ ಗಂಡನೂ ಮನೆ ಬಿಟ್ಟು ಹೋಗುತ್ತಾನೆ.

ಆ ಮನೆಯ ಮಗ ಬಿರ್ಜುವಿನ ಮನಸ್ಸಿನಲ್ಲಿ ಒಂದು ವಸ್ತು ಕಚ್ಚಿಕೊಂಡು ಕೂತಿದೆ. ಅದು ಸುಖೀಲಾಲನ ಪಾಲಾದ ಅಮ್ಮನ ಬಳೆ. ಬಳೆ ಬಿಡಿಸಿಕೊಡಬೇಕು ಎಂಬ ಛಲದಲ್ಲೇ ಅವನು ದರೋಡೆಕೋರನಾಗುತ್ತಾನೆ, ಸುಖೀಲಾಲನನ್ನು ಕೊಲ್ಲುತ್ತಾನೆ, ಅವನ ಮಗಳನ್ನು ಹೊತ್ತೊಯ್ಯಲು ಹೊರಡುತ್ತಾನೆ. ಒಂದು ಹೆಣ್ಣಿನ ಮಾನ ಹೋಗುವುದನ್ನು ನೋಡಲಾರದೆ ತಾಯಿಯೇ ಬಂದೂಕು ಎತ್ತುತ್ತಾಳೆ. ಸಾಯುವ ಮಗನ ಕೈಯಲ್ಲಿ ರಕ್ತ ಮೆತ್ತಿದ ಆ ಬಳೆಗಳಿವೆ.

ಈ ಚಿತ್ರ ನೋಡಿ ಅಳದ ಹೆಂಗಸಿಲ್ಲ. ಅತ್ತು ಕಣ್ಣೊರೆಸಿಕೊಂಡ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಇಷ್ಟಕ್ಕೂ ಮೂಲ ಯಾವುದು? ಬರವಲ್ಲ, ನೆರೆಯಲ್ಲ. ಅವೆಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಮದುವೆಯ ಸಾಲ. ಮದುವೆಯ ಅಬ್ಬರಕ್ಕೆ ತಂದ ಸಾಲವನ್ನು ಮದುಮಗಳೇ ಜೀವನವಿಡೀ ತೀರಿಸಿದಳು. ನಿಮ್ಮ ಸಂಘದ ಸಾಲದ ಪುಸ್ತಕ ನಿಮ್ಮ ಕೈಯಲ್ಲೇ ಇದೆ. ಹಸು, ಹೊಲಿಗೆಯಂತ್ರ, ಅಂಗಡಿ ಎಂದು ಬರೆಸಿದ ಸಾಲಗಳಲ್ಲಿ ಎಷ್ಟು ನಿಜವಾಗಿ ಮಗಳ ಮದುವೆಯ ಬಂಗಾರಕ್ಕೆ ಹೋಗಿದೆ? ಯಾರನ್ನೂ ತಪ್ಪಿತಸ್ಥೆ ಮಾಡಲು ಕೇಳುತ್ತಿಲ್ಲ. ಊರಿಗೊಬ್ಬ ಸುಖೀಲಾಲ ಇದ್ದ ಕಾಲದಲ್ಲಿ ನಿಮ್ಮಂಥ ಸಂಘ ಇರಲಿಲ್ಲ. ಸಂಘ ಇರುವಾಗಲೂ ಅದೇ ಸಾಲ ಅದೇ ಕಾರಣಕ್ಕೆ ಬೆಳೆದರೆ ನಾವು ಬಡ್ಡಿಯ ದರವನ್ನಷ್ಟೇ ಬದಲಾಯಿಸಿದಂತಾಯಿತು.

ಎರಡನೆಯದು ‘ಸಾಹಿಬ್ ಬೀಬಿ ಔರ್ ಗುಲಾಮ್’, 1962ರ ಚಿತ್ರ. ಬಿಮಲ್ ಮಿತ್ರ ಅವರ ಬಂಗಾಳಿ ಕಾದಂಬರಿಯನ್ನು ಆಧರಿಸಿದ್ದು. ಹಿಂದಿನ ಕಾಲದ ಕಲ್ಕತ್ತೆಯ ಜಮೀನ್ದಾರರ ಮನೆ. ಮೀನಾಕುಮಾರಿ ಆ ಮನೆಯ ಚಿಕ್ಕ ಸೊಸೆ. ಗಂಡ ಪ್ರತಿ ರಾತ್ರಿ ಕುಣಿಯುವವಳ ಮನೆಗೆ ಹೊರಡುತ್ತಾನೆ. ‘ನಾನು ಹೊತ್ತು ಹೇಗೆ ಕಳೆಯಲಿ?’ ಎಂದು ಅವಳು ಕೇಳಿದರೆ, ಉಳಿದ ಸೊಸೆಯರ ಹಾಗೆ ಒಡವೆ ಮುರಿಸು, ಹೊಸ ಒಡವೆ ಮಾಡಿಸು ಎಂಬರ್ಥದ ಉತ್ತರ ಕೊಡುತ್ತಾನೆ. ಆ ಮಾತಿನಲ್ಲಿ ಬೈಗುಳವಿಲ್ಲ, ಹೊಡೆತವಿಲ್ಲ. ಆದರೂ ಅದು ಹಿಂಸೆ. ‘ನಿನಗೆ ಏನು ಕಡಿಮೆ ಮಾಡಿದ್ದೇನೆ?’ ಎಂದು ಬಾಯಿ ಮುಚ್ಚಿಸುವ ಮನೆಗಳಲ್ಲಿ ನಡೆಯುವುದೂ ಇದೇ. ಅವನನ್ನು ಮನೆಯಲ್ಲಿ ಉಳಿಸಿಕೊಳ್ಳಲು ಅವಳು ಅವನ ಜೊತೆ ಕುಡಿಯಲು ಕಲಿಯುತ್ತಾಳೆ, ಕುಡಿತಕ್ಕೇ ಬಲಿಯಾಗುತ್ತಾಳೆ. ಒಂದು ದಿನ, ಕಾಯಿಲೆ ಬಿದ್ದ ಅದೇ ಗಂಡನಿಗಾಗಿ ಬೇಡಿಕೊಳ್ಳಲು ಹೊರಟವಳು ವಾಪಸು ಬರುವುದಿಲ್ಲ. ಪರಪುರುಷನ ಜೊತೆ ಗಾಡಿಯಲ್ಲಿ ಹೋದಳು ಎಂದು ಮನೆಯ ಹಿರಿಯನೇ ಆಳುಗಳನ್ನು ಕಳಿಸಿರುತ್ತಾನೆ.

ಎಷ್ಟೋ ವರ್ಷಗಳ ಮೇಲೆ ಆ ಹಾಳು ಮನೆಯನ್ನು ಕೆಡವುವಾಗ ನೆಲದಡಿ ಒಂದು ಅಸ್ಥಿಪಂಜರ ಸಿಗುತ್ತದೆ. ಕೈಮೂಳೆಯಲ್ಲಿ ಬಳೆ. ಆ ಬಳೆಯಿಂದಲೇ ಅದು ಯಾರೆಂದು ಗೊತ್ತಾಗುತ್ತದೆ. ನೋಡಿ, ಹೆಂಗಸು ಕಾಣೆಯಾದಾಗ ಯಾರೂ ಹುಡುಕಲಿಲ್ಲ, ಯಾರೂ ದೂರು ಕೊಡಲಿಲ್ಲ. ಅವಳ ಪರವಾಗಿ ಕೊನೆಗೆ ಸಾಕ್ಷಿ ಹೇಳಿದ್ದು ಒಂದು ಬಳೆ. ಸ್ಟೋವ್ ಸಿಡಿಯಿತು, ಬಾವಿಗೆ ಕಾಲು ಜಾರಿತು ಎಂಬ ಸುದ್ದಿಗಳನ್ನು ಓದಿ ಬೆಳೆದ ನಮಗೆ ಈ ಕಥೆ ಹಳೆಯ ಕಲ್ಕತ್ತೆಯದು ಮಾತ್ರ ಅನ್ನಿಸುವುದಿಲ್ಲ.

ಮೂರನೆಯ ಚಿತ್ರ ಇಂಗ್ಲಿಷಿನದು. ಹೆಸರು ‘ಗ್ಯಾಸ್‌ಲೈಟ್’, 1944ರದು. ನಾಯಕಿ ಇಂಗ್ರಿಡ್ ಬರ್ಗ್‌ಮನ್. ಲಂಡನ್ನಿನ ಒಂದು ಮನೆ. ಹೊಸದಾಗಿ ಮದುವೆಯಾದ ಪೌಲಾಳಿಗೆ ಗಂಡ ಒಂದು ಹಳೆಯ ಎದೆಪದಕ ಕೊಡುತ್ತಾನೆ. ‘ನನ್ನ ತಾಯಿಯದು, ಕಳೆದುಬಿಟ್ಟೀಯೆ, ನಿನಗೆ ಮರೆವು ಜಾಸ್ತಿ’ ಎಂದು ತಾನೇ ಅವಳ ಕೈಚೀಲದಲ್ಲಿ ಇಡುತ್ತಾನೆ. ಸಂಜೆ ನೋಡಿದರೆ ಪದಕ ಇಲ್ಲ! ತೆಗೆದವನು ಅವನೇ. ಹೀಗೇ ಒಂದೊಂದು ವಸ್ತು ಮಾಯವಾಗುತ್ತದೆ. ರಾತ್ರಿ ದೀಪ ತಾನಾಗಿ ಮಂಕಾಗುತ್ತದೆ, ಮಾಳಿಗೆಯಲ್ಲಿ ಹೆಜ್ಜೆ ಸಪ್ಪಳ ಕೇಳುತ್ತದೆ. ಹೇಳಿದರೆ ‘ನಿನ್ನ ಭ್ರಮೆ’ ಎನ್ನುತ್ತಾನೆ. ಅವಳು ತನಗೇ ಹುಚ್ಚು ಹಿಡಿದಿದೆ ಎಂದು ನಂಬುವ ಹಂತಕ್ಕೆ ಬರುತ್ತಾಳೆ. ನಿಜವೇನೆಂದರೆ, ಅವಳ ಚಿಕ್ಕಮ್ಮನನ್ನು ಕೊಂದವನು ಅವನೇ. ಆ ಚಿಕ್ಕಮ್ಮನ ರತ್ನಗಳನ್ನು ಹುಡುಕಲೆಂದೇ ಇವಳನ್ನು ಮದುವೆಯಾಗಿದ್ದಾನೆ. ರಾತ್ರಿ ಮಾಳಿಗೆಯಲ್ಲಿ ಅವನು ದೀಪ ಹಚ್ಚಿದಾಗ ಇವಳ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ, ಅಷ್ಟೇ.

ಈ ಚಿತ್ರದ ಹೆಸರೇ ಇಂಗ್ಲಿಷಿನಲ್ಲಿ ಒಂದು ಹಿಂಸೆಯ ಹೆಸರಾಯಿತು. ಒಬ್ಬರ ಬುದ್ಧಿಯ ಮೇಲೆ ಅವರಿಗೇ ಅನುಮಾನ ಹುಟ್ಟುವಂತೆ ಮಾಡುವುದಕ್ಕೆ ಈಗ ‘ಗ್ಯಾಸ್‌ಲೈಟಿಂಗ್’ ಎನ್ನುತ್ತಾರೆ. ಪದ ಅವರದಾದರೂ ಅನುಭವ ನಮ್ಮದೂ ಹೌದು. ‘ಮೂರೂ ಹೊತ್ತು ಒಡವೆ ಎಲ್ಲೋ ಇಟ್ಟು ಮರೆಯುತ್ತಾಳೆ, ಅದಕ್ಕೇ ನಮ್ಮ ಬೀರುವಿನಲ್ಲಿ ಇಟ್ಟಿದ್ದೇವೆ’ ಎಂಬ ಮಾತು ಕೇಳಿಲ್ಲವೇ? ನನ್ನ ವಿದ್ಯಾರ್ಥಿನಿಯೊಬ್ಬಳು ಮದುವೆಯಾದ ವರ್ಷದೊಳಗೆ ನನ್ನ ಬಳಿ ಬಂದು, ‘ಮೇಡಂ, ನನ್ನ ಜುಮುಕಿ ನಾನೇ ಕಳೆದೆನಂತೆ. ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ನೆನಪಿಲ್ಲ’ ಎಂದಳು. ಆ ಜುಮುಕಿಯನ್ನು ಅಡವಿಟ್ಟ ಚೀಟಿ ಆಮೇಲೆ ಗಂಡನ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಅವಳು ಮೊದಲು ಅತ್ತದ್ದು ಬಂಗಾರಕ್ಕಲ್ಲ, ತನ್ನ ತಲೆ ಸರಿಯಿದೆ ಎಂದು ತಿಳಿದ ಸಮಾಧಾನಕ್ಕೆ.

‘ಟೈಟಾನಿಕ್’ ಚಿತ್ರದ ನೀಲಿ ವಜ್ರ ನಿಮ್ಮ ಮಕ್ಕಳಿಗೂ ಗೊತ್ತು. 1997ರ ಚಿತ್ರ. ರೋಸ್‌ಳ ತಂದೆ ಸಾಲ ಬಿಟ್ಟು ಸತ್ತಿದ್ದಾನೆ. ಮನೆತನದ ಮರ್ಯಾದೆ ಉಳಿಸಲು ತಾಯಿ ಅವಳನ್ನು ಹಣವಂತನಿಗೆ ಗೊತ್ತು ಮಾಡಿದ್ದಾಳೆ. ಅವನು ಅವಳ ಕೊರಳಿಗೆ ಆ ಹಾರ ಹಾಕುತ್ತಾನೆ. ಅದೇ ಮನುಷ್ಯ ಅವಳ ಮುಂದಿನ ಮೇಜನ್ನು ಎತ್ತಿ ಎಸೆಯುತ್ತಾನೆ, ಕೆನ್ನೆಗೆ ಹೊಡೆಯುತ್ತಾನೆ. ಅದೇ ಹಾರವನ್ನು ಅವಳು ಪ್ರೀತಿಸಿದ ಬಡ ಹುಡುಗನ ಜೇಬಿಗೆ ಸೇರಿಸಿ ಕಳ್ಳನ ಪಟ್ಟ ಕಟ್ಟಿಸುತ್ತಾನೆ. ಮುದುಕಿಯಾದ ರೋಸ್ ಕೊನೆಯಲ್ಲಿ ಆ ವಜ್ರವನ್ನು ಸಮುದ್ರಕ್ಕೆ ಬಿಡುತ್ತಾಳೆ. ‘ಅಯ್ಯೋ, ಮಾರಿದ್ದರೆ ಎಷ್ಟು ಬರುತ್ತಿತ್ತು!’ ಎಂದು ನಾವು ಕೈ ಕೈ ಹಿಸುಕಿಕೊಳ್ಳುತ್ತೇವೆ. ಆದರೆ ಅವಳ ಹಾಸಿಗೆಯ ಪಕ್ಕದ ಫೋಟೋಗಳನ್ನು ನೋಡಿ. ಕುದುರೆಯ ಮೇಲೆ, ವಿಮಾನದ ಪಕ್ಕದಲ್ಲಿ. ವಜ್ರ ಮಾರದೆಯೇ ಬದುಕು ಕಟ್ಟಿಕೊಂಡ ಹೆಣ್ಣು ಅವಳು.

ಇನ್ನು ಕಣ್ಣು ಕೋರೈಸುವ ಚಿತ್ರಗಳೂ ಇವೆ. 2008ರ ‘ಜೋಧಾ ಅಕ್ಬರ್’ ಚಿತ್ರದ ಒಡವೆಗಳನ್ನು ತನಿಷ್ಕ್ ಕಂಪನಿ ಮಾಡಿಕೊಟ್ಟಿತ್ತು. ರಾಣಿ ತೊಟ್ಟದ್ದು ರಾಣಿಗೆ ಸರಿ. ಕೂಲಿಯ ಮನೆಯ ಮಗಳೂ ಮದುವೆಯ ದಿನ ಹಾಗೇ ಕಾಣಬೇಕು ಎಂದಾಗಲೇ ಸುಖೀಲಾಲನ ನೆನಪಾಗುವುದು.

ಈಗ ಕಾನೂನಿನ ಬಾಗಿಲಿಗೆ ಬಂದೆವು. ಅದಕ್ಕೆ ಎರಡು ಹಳೆಯ ಕಥೆ ಸಾಕು. 1983ರ ‘ಕವಿರತ್ನ ಕಾಳಿದಾಸ’ದಲ್ಲಿ ರಾಜಕುಮಾರ್, ಜಯಪ್ರದಾ ಅಭಿನಯಿಸಿದ ಶಕುಂತಲೆಯ ಕಥೆ ನಿಮಗೆಲ್ಲ ಗೊತ್ತು. ಉಂಗುರ ನೀರಿಗೆ ಬಿತ್ತು, ರಾಜ ‘ನೀನು ಯಾರು?’ ಎಂದ. ತುಂಬಿದ ಬಸುರಿ ಸಭೆಯಲ್ಲಿ ಒಂಟಿಯಾಗಿ ನಿಂತಳು. ಪುರಾವೆ ಇಲ್ಲದ ಹೆಣ್ಣಿನ ಮಾತಿಗೆ ಬೆಲೆ ಇಲ್ಲ. ಇನ್ನೊಬ್ಬಳು ಕಣ್ಣಗಿ. 1964ರಲ್ಲಿ ‘ಪೂಂಪುಹಾರ್’ ಎಂಬ ತಮಿಳು ಚಿತ್ರವಾಗಿ ಬಂತು. ಗಂಡ ಆಸ್ತಿಯನ್ನೆಲ್ಲ ಮಾಧವಿಯ ಮನೆಯಲ್ಲಿ ಕಳೆದು ಬಂದ ಮೇಲೆ ಉಳಿದದ್ದು ಕಣ್ಣಗಿಯ ಕಾಲ್ಗೆಜ್ಜೆ ಮಾತ್ರ. ಅದನ್ನು ಮಾರಲು ಹೋದ ಗಂಡನನ್ನು ರಾಣಿಯ ಗೆಜ್ಜೆ ಕದ್ದವನೆಂದು ಕೊಂದರು. ಕಣ್ಣಗಿ ಆಸ್ಥಾನಕ್ಕೆ ನುಗ್ಗಿ ತನ್ನ ಗೆಜ್ಜೆ ಒಡೆದು ತೋರಿಸಿದಳು. ರಾಣಿಯ ಗೆಜ್ಜೆಯಲ್ಲಿದ್ದದ್ದು ಮುತ್ತು, ಇವಳದರಲ್ಲಿ ಮಾಣಿಕ್ಯ. ತನ್ನ ಒಡವೆಯ ಒಳಗೆ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದಲೇ ರಾಜನ ತಪ್ಪನ್ನು ರಾಜನ ಎದುರೇ ಸಾಬೀತು ಮಾಡಿದಳು.

ನಮ್ಮ ಕಾಲದಲ್ಲಿ ಆ ಪುರಾವೆ ಎಂದರೆ ಕಾಗದ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಯಾರೂ ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಯನ್ನು ಪಟ್ಟಿ ಮಾಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಯಾವ ವಸ್ತು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರಿಗೆ ಏನು ಸಂಬಂಧ ಎಂದು ಬರೆದು, ಹೆಣ್ಣು ಗಂಡು ಇಬ್ಬರೂ ಸಹಿ ಹಾಕಬೇಕು. ಹೆಣ್ಣಿಗೆ ಬಂದ ಉಡುಗೊರೆಯ ಪಟ್ಟಿ ಹೆಣ್ಣಿನ ಬಳಿಯೇ ಇರಬೇಕು. ಮುಯ್ಯಿ ಬರೆಯಲು ಪುಸ್ತಕ ಇಟ್ಟು ಒಬ್ಬರನ್ನು ಕೂರಿಸುವ ನಮಗೆ ಈ ಪಟ್ಟಿ ಬರೆಯುವುದು ಕಷ್ಟವೇ?

ಸ್ತ್ರೀಧನ ಪೂರ್ತಿಯಾಗಿ ಹೆಂಡತಿಯದು, ಅದನ್ನು ಕೇಳಿದಾಗ ಕೊಡದ ಗಂಡ ನಂಬಿಕೆದ್ರೋಹದ ಅಪರಾಧಿ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿತು. 2024ರ ಏಪ್ರಿಲ್‌ನಲ್ಲಿ ಇನ್ನೊಂದು ತೀರ್ಪು ಬಂತು. ಕೇರಳದ ಹೆಣ್ಣುಮಗಳು, 2003ರಲ್ಲಿ ಮದುವೆ. ತವರಿನವರು ಕೊಟ್ಟ 89 ಪವನು ಬಂಗಾರವನ್ನು ಮೊದಲ ರಾತ್ರಿಯೇ ಗಂಡ ‘ಜೋಪಾನಕ್ಕೆ’ ಎಂದು ತೆಗೆದುಕೊಂಡು ತನ್ನ ತಾಯಿಗೆ ಕೊಟ್ಟ ಎಂಬುದು ಅವಳ ದೂರು. ಅದು ಅವರ ಹಳೆಯ ಸಾಲಕ್ಕೆ ಕರಗಿಹೋಯಿತು. ಗಂಡ 25 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿದರೂ ವಾಪಸು ಕೊಡುವ ಹೊಣೆ ಅವನದು ಎಂದಿತು. ನ್ಯಾಯ ಸಿಕ್ಕಿತು, ಆದರೆ ಮದುವೆಯಾಗಿ ಇಪ್ಪತ್ತು ವರ್ಷಗಳ ಮೇಲೆ. ‘ಜೋಪಾನಕ್ಕೆ’ ಎಂಬ ಮಾತಿನ ಬೆಲೆ ಅಷ್ಟು.

ಆದ್ದರಿಂದ ನಾಲ್ಕು ಮಾತು ನೆನಪಿಡಿ. ಅಂಗಡಿಯ ರಸೀದಿ ನಿಮ್ಮ ಹೆಸರಿನಲ್ಲಿರಲಿ, ಅದು ತವರಿನಲ್ಲೋ ನಿಮ್ಮ ಕೈಯಲ್ಲೋ ಇರಲಿ. ಹಾಲ್‌ಮಾರ್ಕ್ ಒಡವೆಯ ಮೇಲೆ 2023ರಿಂದ ಆರು ಅಕ್ಷರ-ಅಂಕಿಗಳ ಗುರುತು ಕಡ್ಡಾಯ. ಅದನ್ನು ಬರೆದಿಟ್ಟುಕೊಳ್ಳಿ, ಒಡವೆಯ ಫೋಟೋ ತೆಗೆದಿಡಿ. ಲಾಕರ್ ಆದರೆ ನಿಮ್ಮ ಹೆಸರೂ ಅದರಲ್ಲಿರಲಿ. ಕಸಿದುಕೊಂಡರೆ, ಮಾರಿದರೆ ಸುಮ್ಮನಿರಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದು ಆರ್ಥಿಕ ದೌರ್ಜನ್ಯ. ಒಡವೆ ವಾಪಸು ಕೊಡುವಂತೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಸಂರಕ್ಷಣಾಧಿಕಾರಿ ಯಾರೆಂದು ತಾಲ್ಲೂಕಿನ ಸಿಡಿಪಿಓ ಕಚೇರಿಯಲ್ಲಿ ವಿಚಾರಿಸಿ. ಮಹಿಳಾ ಸಹಾಯವಾಣಿ 181.

ಇಷ್ಟಾದರೂ ಪಟ್ಟಿ, ರಸೀದಿಗಳು ಗಾಯಕ್ಕೆ ಕಟ್ಟುವ ಬಟ್ಟೆ ಮಾತ್ರ. ಗಾಯವೇ ಆಗದಂತೆ ನೋಡಿಕೊಳ್ಳುವುದು ನಮ್ಮ ನಿಮ್ಮ ಕೈಯಲ್ಲಿದೆ. ಮಗಳಿಗೆ ಹೊಲದಲ್ಲಿ ಪಾಲು ಬರೆಯಿರಿ, ಓದಿಸಿ, ಅವಳ ಹೆಸರಿನಲ್ಲಿ ಖಾತೆ ತೆರೆಯಿರಿ. ಬಂಗಾರ ಕೇಳಿಕೊಂಡು ಬಂದ ಗಂಡನ್ನು ಬಾಗಿಲಿನಿಂದಲೇ ಕಳಿಸಿ. ಗಂಡುಮಕ್ಕಳ ತಾಯಂದಿರೂ ಇಲ್ಲಿದ್ದೀರಿ, ಸೊಸೆಯ ಪೆಟ್ಟಿಗೆಯ ಬೀಗದ ಕೈ ಸೊಸೆಯ ಸೆರಗಿನಲ್ಲೇ ಇರಲಿ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬೊಬ್ಬರೂ ಒಂದು ಹಾಳೆ ತೆಗೆದುಕೊಂಡು, ತವರಿನಿಂದ ತಂದದ್ದೇನು, ಈಗ ಅದು ಎಲ್ಲಿದೆ ಎಂದು ಬರೆಯಿರಿ. ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡಲಿ. ಆ ಹಾಳೆಯಿಂದ ನಮ್ಮ ಮುಂದಿನ ಮಾತು ಶುರುವಾಗಲಿ.