ಅಂಗಾಲಿಗೆ ಕರೆಂಟು, ನಿಲ್ಲುವುದಕ್ಕೆ ನಾವೇ



ಪುಣೆಯಲ್ಲಿರುವ ನಮಗೆಲ್ಲ ಪರ್ವತಿ ಗುಡ್ಡದ 103 ಮೆಟ್ಟಿಲುಗಳು ಗೊತ್ತು. ಹತ್ತುವಾಗ ಏದುಸಿರು ಬರುತ್ತದೆ, ನಿಜ. ಆದರೆ ಹಿರಿಯರು ಹೆದರುವುದು ಇಳಿಯುವಾಗ. ಪ್ರತಿ ಮೆಟ್ಟಿಲಿನಲ್ಲೂ ಒಂದು ಗಳಿಗೆ ಇಡೀ ದೇಹ ಒಂಟಿ ಕಾಲಿನ ಮೇಲೆ ನಿಲ್ಲಬೇಕು. ಆ ಗಳಿಗೆ ತಪ್ಪಿದರೆ ಸೊಂಟದ ಮೂಳೆ, ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಪರಾವಲಂಬನೆ.

ನಮ್ಮ ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಅಂಗಾಲಿನೊಳಗೆ ನಾಲ್ಕು ಪದರಗಳಲ್ಲಿ ಸಣ್ಣ ಸಣ್ಣ ಸ್ನಾಯುಗಳಿವೆ. ಪಾದದ ಕಮಾನನ್ನು ಎತ್ತಿ ಹಿಡಿಯಲು ನೆರವಾಗುವವು, ದೇಹ ವಾಲಿದಾಗ ಸರಿಪಡಿಸುವವು ಇವೇ. ತೋಳನ್ನು ಬಿಗಿ ಮಾಡಿ ಎಂದರೆ ಯಾರಾದರೂ ಮಾಡುತ್ತಾರೆ. ಅಂಗಾಲನ್ನು ಬಿಗಿ ಮಾಡಿ ಎಂದು ನೋಡಿ, ಹೆಚ್ಚಿನವರು ಬೆರಳು ಮಡಚುತ್ತಾರೆ ಅಷ್ಟೆ! ಈ ಸ್ನಾಯುಗಳ ಬಳಕೆಯೇ ನಮಗೆ ಮರೆತಿರುತ್ತದೆ.

ಇಲ್ಲಿ ಕರೆಂಟು ನೆರವಿಗೆ ಬರುತ್ತದೆ. ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಇಟಲಿಯ ಗಾಲ್ವಾನಿ 1791ರಲ್ಲಿ ಪ್ರಕಟಿಸಿದರು. ಒಂದೊಂದೇ ಸ್ನಾಯುವಿಗೆ ವಿದ್ಯುತ್ ಕೊಡುವ ಬಗೆಯನ್ನು ಫ್ರಾನ್ಸಿನ ವೈದ್ಯ ಡುಶೆನ್ 1855ರಲ್ಲಿ ಪುಸ್ತಕವಾಗಿ ಬರೆದರು. ಇಂದು ಫಿಸಿಯೋಥೆರಪಿಸ್ಟರು ಪಾದದ ಒಳಬದಿಗೆ ಅಂಟುಪಟ್ಟಿ ಹಚ್ಚಿ, ಕೆಲವು ಸೆಕೆಂಡು ಕರೆಂಟು, ಮತ್ತೆ ವಿರಾಮ, ಹೀಗೆ ಕೊಡುತ್ತಾರೆ. ನರ ಎಚ್ಚೆತ್ತು ಸ್ನಾಯು ಬಿಗಿಯುತ್ತದೆ. ಮೊಣಕಾಲು ನೋವಿಗೆ ಕೊಡುವ ಜುಮುಜುಮು ಕರೆಂಟೇ ಬೇರೆ. ಅದು ನೋವು ತಗ್ಗಿಸುವುದಕ್ಕೆ, ಇದು ಸ್ನಾಯುವನ್ನು ದುಡಿಸುವುದಕ್ಕೆ.

ಹಾಗಾದರೆ ಕೂತಲ್ಲೇ ಕಾಲಿಗೆ ಬಲ ಬಂತೇ? ಇಲ್ಲ. ಚಪ್ಪಟೆ ಪಾದದವರ ಮೇಲೆ ಥೈಲೆಂಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕರೆಂಟನ್ನು ವ್ಯಾಯಾಮದ ಜೊತೆಗೇ ಕೊಟ್ಟಾಗ ಹೆಬ್ಬೆರಳ ಪಕ್ಕದ ಸ್ನಾಯು ಹೆಚ್ಚು ಚುರುಕಾಯಿತು. ಯಂತ್ರ ಸ್ನಾಯುವನ್ನು ಬಿಗಿಸೀತು. ಯಾವಾಗ, ಎಷ್ಟು ಬಿಗಿಯಬೇಕೆಂಬ ಪಾಠ ಮಿದುಳಿಗೆ ನಿಂತು, ನಡೆದೇ ಬರಬೇಕು.

ಆ ವ್ಯಾಯಾಮಕ್ಕೆ ಖರ್ಚಿಲ್ಲ. ಕುರ್ಚಿಯಲ್ಲಿ ಕುಳಿತು ಬರಿಗಾಲನ್ನು ನೆಲಕ್ಕೂರಿ. ಬೆರಳು ಮಡಚದೆ, ಹೆಬ್ಬೆರಳ ಬುಡವನ್ನು ಹಿಮ್ಮಡಿಯತ್ತ ಎಳೆದು ಕಮಾನು ಎತ್ತಿ. ಐದು ಸೆಕೆಂಡು ಹಿಡಿದು ಬಿಡಿ. ರೂಢಿಯಾದ ಮೇಲೆ ನಿಂತು ಮಾಡಿ. ಕಡೆಗೆ ಗೋಡೆಯ ಪಕ್ಕದಲ್ಲಿ, ಒಂಟಿ ಕಾಲಿನಲ್ಲಿ.

ಇನ್ನು ಎಚ್ಚರಿಕೆಯ ಮಾತು. ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಗಾಯವಾದವರು ವೈದ್ಯರನ್ನು ಕೇಳದೆ ಇಂಥ ಯಂತ್ರ ಮುಟ್ಟಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಂತೂ ಇನ್ನೂ ಜಾಗರೂಕರಾಗಿರಬೇಕು. ಚರ್ಮ ಸುಟ್ಟರೂ ಅವರಿಗೆ ತಿಳಿಯದೆ ಹೋಗಬಹುದು. ಜಾಹೀರಾತು ನೋಡಿ ಅಪ್ಪ ಅಮ್ಮನಿಗೆ ಯಂತ್ರ ತರಿಸುವ ಮಕ್ಕಳೇ, ಮೊದಲು ಅವರ ಅಂಗಾಲನ್ನು ಹತ್ತಿಯಿಂದ ಮುಟ್ಟಿ, ತಿಳಿಯಿತೇ ಎಂದು ಕೇಳಿ. ತಿಳಿಯದಿದ್ದರೆ ಅಂಗಡಿಗಿಂತ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ.

ಮೆಟ್ಟಿಲು ಇಳಿಯುವಾಗ ಕಟಾಂಜನ ಹಿಡಿಯುವುದು ನಾಚಿಕೆಯಲ್ಲ, ಜಾಣತನ.