ಅಣಬೆಯಂಗಡಿ ಮತ್ತು ಕಾನೂನಿನ ತಕ್ಕಡಿ

(ವಾಚನಾಲಯವೊಂದರ ತಿಂಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ಗುಡುಗು ಬಂದ ಮರುದಿನ ಅಣಬೆ ಏಳುತ್ತದೆ ಎಂದು ನಮ್ಮ ಮಲೆನಾಡಿನ ಕಡೆ ಹೇಳುತ್ತಾರೆ. ಅಣಬೆ ಆರಿಸಲು ಹೊರಟ ಮಕ್ಕಳಿಗೆ ಮನೆಯ ಹಿರಿಯರು ಇನ್ನೊಂದು ಮಾತನ್ನೂ ಹೇಳಿ ಕಳುಹಿಸುತ್ತಾರೆ: ಗುರುತಿಲ್ಲದ್ದನ್ನು ಮುಟ್ಟಬೇಡಿ. ನಾನು ಇವತ್ತು ಮಾತನಾಡಲಿರುವುದು ಸಾರಿಗೆ ಬಾರದ ಒಂದು ಅಣಬೆಯ ಬಗ್ಗೆ. ತಿಂದವರಿಗೆ ನಾಲ್ಕಾರು ಗಂಟೆಗಳ ಕಾಲ ಬಣ್ಣಗಳು ಅಲೆಯಾಗುತ್ತವೆ, ಹೊತ್ತು ನಿಂತಂತಾಗುತ್ತದೆ, 'ನಾನು' ಎಂಬುದರ ಅಂಚು ಕರಗಿದಂತಾಗುತ್ತದೆ. ಇಂಗ್ಲಿಷಿನವರು ಇದಕ್ಕೆ ಮ್ಯಾಜಿಕ್ ಮಶ್ರೂಮ್ ಎಂದು ಹೆಸರಿಟ್ಟರು. ಮಾಯೆ ಮಾಡುವುದು ಅದರೊಳಗಿನ ಸೈಲೊಸೈಬಿನ್ ಎಂಬ ರಾಸಾಯನಿಕ. ದೇಹದೊಳಗೆ ಅದು ಸೈಲೊಸಿನ್ ಆಗಿ ಮಾರ್ಪಟ್ಟು, ಮಿದುಳಿನಲ್ಲಿ ಸೆರೊಟೋನಿನ್ ಕೂರುವ ಜಾಗದಲ್ಲಿ ತಾನು ಹೋಗಿ ಕೂರುತ್ತದೆ.

ಕೆನಡಾದ ವ್ಯಾಂಕೂವರ್ ನಗರದಲ್ಲಿ ಈಚಿನ ವರ್ಷಗಳಲ್ಲಿ ಈ ಅಣಬೆಯ ಅಂಗಡಿಗಳೇ ಕಾಣಿಸಿಕೊಂಡವು. ಕತ್ತಲ ಮೂಲೆಯ ವ್ಯಾಪಾರವಲ್ಲ ಇದು. ಬೀದಿಗೆ ಮುಖಮಾಡಿದ ಬಾಗಿಲು, ಮೇಲೊಂದು ಬೋರ್ಡು, ಒಳಗೆ ಒಣಗಿದ ಅಣಬೆ, ಅದರ ಪುಡಿ ತುಂಬಿದ ಗುಳಿಗೆ, ಅದನ್ನು ಬೆರೆಸಿದ ಚಾಕೊಲೇಟ್. ಟೊರಾಂಟೊದಲ್ಲಿಯೂ ಹೀಗೆಯೇ. ಆದರೆ ಆ ದೇಶದ ಕಾನೂನಿನ ಪ್ರಕಾರ ಇದನ್ನು ಇಟ್ಟುಕೊಂಡರೆ 3 ವರ್ಷದವರೆಗೆ, ಮಾರಿದರೆ 10 ವರ್ಷದವರೆಗೆ ಸೆರೆವಾಸ ವಿಧಿಸಬಹುದು. 2023ರ ನವೆಂಬರಿನಲ್ಲಿ ವ್ಯಾಂಕೂವರ್ ಪೊಲೀಸರು ಇಂಥ ಅಂಗಡಿಗಳ ಮೇಲೆ ದಾಳಿ ಮಾಡಿ ಸರಕನ್ನು ಹೊತ್ತೊಯ್ದರು. ವ್ಯಾಪಾರ ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಇಷ್ಟು ಸ್ಪಷ್ಟವಾಗಿ ನಿಷಿದ್ಧವಾದದ್ದು ಇಷ್ಟು ಬಹಿರಂಗವಾಗಿ ಮಾರಾಟವಾಗುವುದು ಹೇಗೆ? ಪೊಲೀಸರ ಉದಾಸೀನ ಎಂದು ಹೇಳಿಬಿಡುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಇದರ ಬೇರು ಹುಡುಕಲು ಮೆಕ್ಸಿಕೋದ ಒಂದು ಬೆಟ್ಟದ ಹಳ್ಳಿಗೆ ಹೋಗಬೇಕು.

ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಸ್ಪೇನಿನ ಪಾದ್ರಿ ಸಹಗೂನ್, ಸ್ಥಳೀಯ ಜನ ಔತಣದಲ್ಲಿ ಜೇನಿನೊಡನೆ ಒಂದು ಅಣಬೆ ತಿನ್ನುವುದನ್ನೂ, ಆಮೇಲೆ ಕುಣಿಯುವುದನ್ನೂ ಅಳುವುದನ್ನೂ ಬರೆದಿಟ್ಟಿದ್ದಾನೆ. ಸ್ಪೇನಿನವರಿಗೆ ಇದು ಸೈತಾನನ ಪೂಜೆಯಾಗಿ ಕಂಡಿತು. ಆಚರಣೆ ಬೆಟ್ಟಗಳ ನಡುವೆ ಅಡಗಿಕೊಂಡು ಉಳಿಯಿತು. 1955ರಲ್ಲಿ ಅಮೆರಿಕದ ಬ್ಯಾಂಕ್ ಅಧಿಕಾರಿ ಗಾರ್ಡನ್ ವ್ಯಾಸನ್ ವಾಹಾಕಾ ಪ್ರಾಂತ್ಯದ ಹುವಾಉತ್ಲಾ ಎಂಬ ಊರಿಗೆ ಹೋಗಿ, ಮರಿಯಾ ಸಬೀನಾ ಎಂಬ ಮಸಟೆಕ್ ಜನಾಂಗದ ವೈದ್ಯೆಯ ರಾತ್ರಿ ಪೂಜೆಯಲ್ಲಿ ಕುಳಿತು ಆ ಅಣಬೆಯನ್ನು ತಿಂದ. ಆಕೆಗೆ ಅದು ರೋಗದ ಕಾರಣವನ್ನು ದೇವರ ಬಳಿ ಕೇಳಿ ತಿಳಿಯುವ ದಾರಿಯಾಗಿತ್ತು, ಮೋಜಿನ ವಸ್ತುವಾಗಿರಲಿಲ್ಲ. 1957ರ ಮೇ ತಿಂಗಳಲ್ಲಿ ವ್ಯಾಸನ್ 'ಲೈಫ್' ಪತ್ರಿಕೆಯಲ್ಲಿ ಈ ಅನುಭವವನ್ನು ಬರೆದ. ಆಕೆಯ ಹೆಸರನ್ನು ಬದಲಿಸಿದ್ದನಾದರೂ ಗುಟ್ಟು ನಿಲ್ಲಲಿಲ್ಲ. ಅರವತ್ತರ ದಶಕದಲ್ಲಿ ಆ ಬಡ ಊರಿಗೆ ಹಿಪ್ಪಿಗಳು ಗುಂಪುಗುಂಪಾಗಿ ಬಂದರು, ಅವರ ಹಿಂದೆಯೇ ಪೊಲೀಸರೂ ಬಂದರು. ಊರಿನವರ ಸಿಟ್ಟು ಮರಿಯಾ ಸಬೀನಾಳ ಮೇಲೆ ತಿರುಗಿತು. ಆಕೆಯ ಮನೆಗೆ ಬೆಂಕಿ ಬಿತ್ತು. 1985ರಲ್ಲಿ ಆಕೆ ಬಡತನದಲ್ಲೇ ತೀರಿಕೊಂಡಳು. ಅಣಬೆಯನ್ನು ಜಗತ್ತಿಗೆ ಕೊಟ್ಟವಳಿಗೆ ಜಗತ್ತು ಕೊಟ್ಟದ್ದು ಇಷ್ಟು.

ಈ ನಡುವೆ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1958ರಲ್ಲಿ ಅಣಬೆಯಿಂದ ಸೈಲೊಸೈಬಿನ್ ಅನ್ನು ಬೇರ್ಪಡಿಸಿದ. ಎಲ್‌ಎಸ್‌ಡಿ ಕಂಡುಹಿಡಿದವನೂ ಇವನೇ. ಕಂಪನಿ ಅದನ್ನು ಗುಳಿಗೆ ಮಾಡಿ ಮನೋವೈದ್ಯರಿಗೆ ಒದಗಿಸಿತು. 1962ರಲ್ಲಿ ಹಾಫ್‌ಮನ್ ತಾನೇ ಹುವಾಉತ್ಲಾಕ್ಕೆ ಹೋಗಿ ಮರಿಯಾ ಸಬೀನಾಳಿಗೆ ಆ ಗುಳಿಗೆ ಕೊಟ್ಟ. ಅಣಬೆಗೂ ಇದಕ್ಕೂ ಭೇದವಿಲ್ಲ ಎಂದು ಆಕೆ ಹೇಳಿದಳೆಂದು ಆತ ಬರೆದಿದ್ದಾನೆ.

ಆಕೆ ಭೇದ ಕಾಣಲಿಲ್ಲ. ಕಾನೂನು ಕಂಡಿತು! ನಮ್ಮ ಕಥೆಯ ಗಂಟು ಇರುವುದು ಇಲ್ಲಿ. 1970ರಲ್ಲಿ ಅಮೆರಿಕ ಸೈಲೊಸೈಬಿನ್ ಅನ್ನು ಹೆರಾಯಿನ್ ಜೊತೆಗೆ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. 1971ರ ವಿಶ್ವಸಂಸ್ಥೆಯ ಒಪ್ಪಂದವೂ ಅದನ್ನು ಮೊದಲ ಪಟ್ಟಿಯಲ್ಲೇ ಇಟ್ಟಿತು. ಆದರೆ ಆ ಒಪ್ಪಂದದ ಪಟ್ಟಿಯಲ್ಲಿರುವುದು ರಾಸಾಯನಿಕದ ಹೆಸರು, ಅಣಬೆಯ ಹೆಸರಲ್ಲ. ಕಾಡಿನಲ್ಲಿ ಬೆಳೆಯುವ ಸಸ್ಯಗಳನ್ನು ಪೂಜೆಗೆ ಬಳಸುವ ಸಣ್ಣ ಸಮುದಾಯಗಳಿಗಾಗಿ ದೇಶಗಳು ವಿನಾಯಿತಿ ಇಟ್ಟುಕೊಳ್ಳಬಹುದು ಎಂಬ ಕಲಮೂ ಅದರಲ್ಲಿದೆ. ಮೆಕ್ಸಿಕೋ ಆ ವಿನಾಯಿತಿ ಇಟ್ಟುಕೊಂಡೇ ಒಪ್ಪಂದಕ್ಕೆ ಸೇರಿತು.

ರಾಸಾಯನಿಕ ನಿಷಿದ್ಧ, ಅದನ್ನು ಹೊತ್ತ ಅಣಬೆ? ಈ ಸಂದಿಯಲ್ಲಿ ಅಂಗಡಿಗಳು ಹುಟ್ಟಿದವು. ಬ್ರಿಟನ್ನಿನಲ್ಲಿ ಒಣಗಿಸಿದರೆ, ಬೇಯಿಸಿದರೆ ಅಪರಾಧ, ಹಸಿಯಾಗಿದ್ದರೆ ಅಲ್ಲ ಎಂಬ ವ್ಯಾಖ್ಯಾನದ ಬಲದಲ್ಲಿ ಪೇಟೆಯಲ್ಲೇ ಮಾರಾಟ ನಡೆಯಿತು. 2005ರ ಜುಲೈನಲ್ಲಿ ಹೊಸ ಕಾಯ್ದೆ ಬಂದು ಅದು ನಿಂತಿತು. ನೆದರ್‌ಲೆಂಡ್ಸ್‌ನಲ್ಲಿ, 2007ರಲ್ಲಿ ಅಣಬೆ ತಿಂದಿದ್ದ ಫ್ರಾನ್ಸಿನ ಹುಡುಗಿಯೊಬ್ಬಳು ಆಮ್‌ಸ್ಟರ್‌ಡ್ಯಾಮಿನಲ್ಲಿ ಬಿದ್ದು ಸತ್ತ ಮೇಲೆ ಸಾರ್ವಜನಿಕ ಆಕ್ರೋಶ ಎದ್ದು, 2008ರ ಡಿಸೆಂಬರ್ 1ರಿಂದ ಅಣಬೆಗೆ ನಿಷೇಧ ಬಂತು. ಆದರೆ ಪಟ್ಟಿಯಲ್ಲಿ ಬರೆದದ್ದು ಅಣಬೆಗಳ ಹೆಸರು ಮಾತ್ರ. ಅವೇ ಶಿಲೀಂಧ್ರಗಳು ಮಣ್ಣಿನೊಳಗೆ ಕಟ್ಟುವ ಗಡ್ಡೆ, ಅಲ್ಲಿಯವರು ಟ್ರಫಲ್ ಎನ್ನುವುದು, ಪಟ್ಟಿಯ ಹೊರಗುಳಿಯಿತು. ಗಡ್ಡೆಯಲ್ಲೂ ಅದೇ ಸೈಲೊಸೈಬಿನ್. ಕೊಡೆಗೆ ನಿಷೇಧ, ಗಡ್ಡೆಗೆ ಪರವಾನಗಿ!

ನಗುವ ಮೊದಲು ನಮ್ಮ ಭಂಗಿಯನ್ನು ನೆನೆಯೋಣ. ನಮ್ಮ 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ತುದಿ. ತುದಿಯಿಲ್ಲದ ಬರಿಯ ಎಲೆ ಆ ವ್ಯಾಖ್ಯೆಗೆ ಸೇರುವುದಿಲ್ಲ. ಎಲೆಯಿಂದ ಮಾಡಿದ ಭಂಗಿ ಉತ್ತರದ ಕೆಲವು ರಾಜ್ಯಗಳಲ್ಲಿ ಸರ್ಕಾರಿ ಪರವಾನಗಿಯ ಅಂಗಡಿಯಲ್ಲೇ ಸಿಗುತ್ತದೆ. ಒಂದೇ ಗಿಡ, ಎರಡು ನ್ಯಾಯ. ಸಂಪ್ರದಾಯದ ಬಲವಿದ್ದ ಕಡೆ ಕಾನೂನು ಬಾಗಿದೆ.

ಈಗ ಕೆನಡಾಕ್ಕೆ ಮರಳೋಣ. ಅಲ್ಲಿನ ಕಾನೂನಿನಲ್ಲಿ ಬ್ರಿಟನ್ನಿನಂಥ ಸಂದಿಯಿಲ್ಲ. ಅಲ್ಲಿನ ಅಂಗಡಿಕಾರರು ನಂಬಿದ್ದು ಕಂಡ ಇತಿಹಾಸವನ್ನು. ಇದೇ ವ್ಯಾಂಕೂವರಿನಲ್ಲಿ ಮೊದಲು ಗಾಂಜಾ ಅಂಗಡಿಗಳೂ ಕಾನೂನುಬಾಹಿರವಾಗಿಯೇ ಎದ್ದಿದ್ದವು. 2015ರಲ್ಲಿ ನಗರಸಭೆ ಅವಕ್ಕೆ ಲೈಸೆನ್ಸ್ ಪದ್ಧತಿ ತಂದಿತು. 2018ರ ಅಕ್ಟೋಬರ್ 17ರಂದು ಇಡೀ ದೇಶದಲ್ಲೇ ಗಾಂಜಾ ಸಕ್ರಮವಾಯಿತು. ಮೊದಲು ಅಂಗಡಿ, ಆಮೇಲೆ ಕಾನೂನು ಎಂಬುದು ಅವರು ಕಲಿತ ಪಾಠ. ಸಕ್ರಮವಾಗುತ್ತದೆಂಬ ಭರವಸೆಯಲ್ಲಿ ಮೊದಲೇ ಗೋಡೆ ಎಬ್ಬಿಸುವವರು ನಮ್ಮ ಊರುಗಳಲ್ಲಿಯೂ ಇದ್ದಾರಲ್ಲ!

ಆದರೆ ಇದನ್ನು ಬರಿಯ ವ್ಯಾಪಾರಿ ಲೆಕ್ಕಾಚಾರ ಎಂದು ತಳ್ಳಿಹಾಕಿದರೆ ಒಂದು ಮುಖ್ಯ ಸಂಗತಿ ತಪ್ಪಿಹೋಗುತ್ತದೆ. 2016ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯಗಳು ಸಾವಿನ ಭಯದಲ್ಲಿ ನರಳುತ್ತಿದ್ದ ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಅಧ್ಯಯನಗಳನ್ನು ಪ್ರಕಟಿಸಿದವು. ಹಾಪ್ಕಿನ್ಸ್‌ನ 51 ರೋಗಿಗಳಲ್ಲಿ ಹೆಚ್ಚಿನವರಿಗೆ, ತರಬೇತಾದವರ ಸಮ್ಮುಖದಲ್ಲಿ ಕೊಟ್ಟ ಸೈಲೊಸೈಬಿನ್‌ನಿಂದ ಖಿನ್ನತೆ ಮತ್ತು ಆತಂಕ ಇಳಿದು, ಆರು ತಿಂಗಳಾದರೂ ಆ ನೆಮ್ಮದಿ ಉಳಿದಿತ್ತು. ಸಣ್ಣ ಅಧ್ಯಯನಗಳು, ನಿಜ. ಆದರೆ ಸಾಯುವವನಿಗೆ ದೊಡ್ಡ ಅಧ್ಯಯನ ಮುಗಿಯುವವರೆಗೆ ಕಾಯಲು ಕಾಲವೆಲ್ಲಿದೆ? 2020ರ ಆಗಸ್ಟಿನಲ್ಲಿ ಕೆನಡಾದ ಆರೋಗ್ಯ ಸಚಿವರು ಇಂಥ ನಾಲ್ವರು ಕ್ಯಾನ್ಸರ್ ರೋಗಿಗಳಿಗೆ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. 2022ರ ಜನವರಿಯಲ್ಲಿ, ಗಂಭೀರ ರೋಗಿಗಳ ಪರವಾಗಿ ವೈದ್ಯರು ಅರ್ಜಿ ಹಾಕುವ ದಾರಿಯೂ ತೆರೆಯಿತು.

ಬಾಗಿಲು ತೆರೆಯಿತು, ಆದರೆ ಅದು ಕಿರಿದಾಗಿತ್ತು. ಒಬ್ಬೊಬ್ಬ ರೋಗಿಗೂ ಒಂದೊಂದು ಅರ್ಜಿ, ಒಂದೊಂದು ತೀರ್ಮಾನ. ಅತ್ತ ಬೀದಿಯ ಅಂಗಡಿಯ ಬಾಗಿಲು ಅಗಲವಾಗಿತ್ತು. ಹೀಗಾದಾಗ ರೋಗಿ ಎಲ್ಲಿಗೆ ಹೋಗುತ್ತಾನೆ ಎಂದು ಊಹಿಸಲು ಪಾಂಡಿತ್ಯ ಬೇಕಿಲ್ಲ. ಅಲ್ಲಿ ಅವನಿಗೆ ಸಿಗುವುದು ಅಣಬೆ ಮಾತ್ರ. ಪ್ರಮಾಣ ಹೇಳುವ ವೈದ್ಯನಿಲ್ಲ, ಪಕ್ಕದಲ್ಲಿ ಕೂರುವ ಮರಿಯಾ ಸಬೀನಾ ಇಲ್ಲ. ಚಾಕೊಲೇಟಿನಲ್ಲಿ ಎಷ್ಟಿದೆ, ಏನಿದೆ ಎಂದು ಪರೀಕ್ಷಿಸಿದ ಸರ್ಕಾರಿ ಮುದ್ರೆ ಇಲ್ಲ. ಸ್ವಂತಕ್ಕೋ ಮನೆತನದಲ್ಲೋ ಸ್ಕಿಜೊಫ್ರೇನಿಯಾದಂಥ ಕಾಯಿಲೆಯ ಹಿನ್ನೆಲೆ ಇರುವವರಿಗೆ ಈ ವಸ್ತು ಅಪಾಯಕಾರಿ. ಅಧ್ಯಯನಗಳಲ್ಲಿ ಅಂಥವರನ್ನು ಮೊದಲೇ ಬೇರ್ಪಡಿಸುತ್ತಾರೆ. ಆ ಜರಡಿ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಇರುವುದಿಲ್ಲ.

ಮಧ್ಯದ ದಾರಿ ಹುಡುಕಿದವರೂ ಇದ್ದಾರೆ. ಅಮೆರಿಕದ ಓರೆಗನ್ ರಾಜ್ಯ 2020ರ ಜನಮತದ ಮೂಲಕ ಒಪ್ಪಿ, 2023ರಲ್ಲಿ ಪರವಾನಗಿ ಪಡೆದ ಕೇಂದ್ರಗಳನ್ನು ತೆರೆಯಿತು. ಅಲ್ಲಿ ಅಣಬೆಯನ್ನು ಕೊಂಡು ಮನೆಗೆ ಒಯ್ಯುವಂತಿಲ್ಲ. ತರಬೇತಾದವರ ಎದುರು ಕೇಂದ್ರದಲ್ಲೇ ಸೇವಿಸಬೇಕು. ಆಸ್ಟ್ರೇಲಿಯಾ 2023ರ ಜುಲೈಯಿಂದ, ಬೇರೆ ಔಷಧಿಗೆ ಬಗ್ಗದ ಖಿನ್ನತೆಗೆ ಇದನ್ನು ಬರೆದುಕೊಡಲು ಅಧಿಕಾರ ಪಡೆದ ಮನೋವೈದ್ಯರಿಗೆ ಅವಕಾಶ ಕೊಟ್ಟಿತು.

ಇದೆಲ್ಲ ದೂರದ ಮಾತು, ನಮಗೇಕೆ ಎನ್ನಬಹುದು. ದೂರದ್ದಲ್ಲ. ಕೊಡೈಕೆನಾಲಿನ ಅಣಬೆಯ ಹೆಸರು ಕೇಳಿದ ಹುಡುಗರು ನಮ್ಮ ಕಾಲೇಜುಗಳಲ್ಲಿಯೂ ಇದ್ದಾರೆ. ನಮ್ಮ ಕಾಯ್ದೆಯಲ್ಲೂ ಇರುವುದು ರಾಸಾಯನಿಕದ ಹೆಸರೇ. ಶಿಕ್ಷೆ ನಿಲ್ಲುವುದು ತೂಕದ ಮೇಲೆ: ಸೈಲೊಸೈಬಿನ್ 2 ಗ್ರಾಂವರೆಗೆ ಅಲ್ಪ ಪ್ರಮಾಣ, 50 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಮೊದಲನೆಯದಕ್ಕೆ ಹೆಚ್ಚೆಂದರೆ 1 ವರ್ಷ. ಎರಡನೆಯದಕ್ಕೆ ಕಡಿಮೆಯೆಂದರೆ 10 ವರ್ಷ, ಜಾಮೀನೂ ದುರ್ಲಭ. ಈಗ ಒಬ್ಬ ಹುಡುಗನ ಬಳಿ 150 ಗ್ರಾಂ ಒಣ ಅಣಬೆ ಸಿಕ್ಕಿತು ಎನ್ನಿ, ಅದರಲ್ಲಿ ಸೈಲೊಸೈಬಿನ್ ಶೇಕಡಾ 1 ಎನ್ನಿ. ಅಣಬೆಯನ್ನೇ ತೂಗಿದರೆ ಅವನ ಯೌವನವೆಲ್ಲ ಸೆರೆಮನೆಯಲ್ಲಿ. ಒಳಗಿನ ರಾಸಾಯನಿಕವನ್ನು ತೂಗಿದರೆ ಒಂದೂವರೆ ಗ್ರಾಂ.

ಯಾವುದನ್ನು ತೂಗಬೇಕು? ಬೇರೆ ಪದಾರ್ಥ ಬೆರೆಸಿದ ಮಾದಕ ವಸ್ತುವಾದರೆ ಇಡೀ ಮಿಶ್ರಣವನ್ನೇ ತೂಗಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತ್ತು. ಆದರೆ ಅಣಬೆ ಯಾರೂ ಬೆರೆಸಿದ ಮಿಶ್ರಣವಲ್ಲ, ಪ್ರಕೃತಿಯಲ್ಲಿ ಹಾಗೆಯೇ ಬೆಳೆದದ್ದು ಎಂದು ಕೇರಳ ಹೈಕೋರ್ಟು 2025ರ ಜನವರಿಯಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಅಭಿಪ್ರಾಯಪಟ್ಟಿತು. ಆ ತೀರ್ಮಾನಕ್ಕೆ ಅದು ಆಧಾರವಾಗಿ ಹಿಡಿದದ್ದರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಆದೇಶವೂ ಒಂದು.

ಅಂಗಡಿಗಳು ತೆರೆಯಲಿ ಎಂದು ನಾನು ಹೇಳುತ್ತಿಲ್ಲ. ಈ ಅಣಬೆ ಆಟದ ವಸ್ತುವಲ್ಲ ಎಂಬುದನ್ನು ಮೊದಲು ತಿಳಿದವರು ಮಸಟೆಕ್ ಜನರೇ. ಅದಕ್ಕೇ ಅವರು ಅದಕ್ಕೆ ರಾತ್ರಿ, ಪ್ರಾರ್ಥನೆ ಮತ್ತು ಬಲ್ಲ ಹಿರಿಯಳೊಬ್ಬಳನ್ನು ಕಟ್ಟಳೆಯಾಗಿ ಇಟ್ಟಿದ್ದರು. ಅಂಗಡಿ ಆ ಕಟ್ಟಳೆಯನ್ನು ಬಿಟ್ಟು ಅಣಬೆಯನ್ನು ಮಾತ್ರ ತೆಗೆದುಕೊಂಡಿತು. ಕಾನೂನು ಕಟ್ಟಳೆ ಅಣಬೆ ಎರಡನ್ನೂ ಒಟ್ಟಿಗೆ ಹೊರಗೆ ಹಾಕಿತು. ನಡುವೆ ಸಿಕ್ಕಿಕೊಂಡವನು ರೋಗಿ.

ಗುರುತಿಲ್ಲದ್ದನ್ನು ಮುಟ್ಟಬೇಡಿ ಎಂದ ಹಿರಿಯರ ಮಾತು ಸರಿ. ಆದರೆ ಆ ಹಿರಿಯರಿಗೆ ಅಣಬೆಯ ಗುರುತಿತ್ತು. ಆದ್ದರಿಂದಲೇ ಮಕ್ಕಳು ಅವರ ಮಾತು ಕೇಳಿದರು. ಕಾನೂನಿನ ಮಾತನ್ನೂ ಜನ ಕೇಳಬೇಕಾದರೆ ತಾನು ತೂಗುತ್ತಿರುವುದು ಏನೆಂಬ ಗುರುತು ಅದಕ್ಕೂ ಇರಬೇಕು.